ತೊರೆದ ಊರನ್ನೇ ಬಾಳಿಡೀ ಚಿತ್ರಿಸಿದ ಮಾರ್ಕ್ ಶಗಾಲ್

ಇಪ್ಪತ್ತನೆಯ ಶತಮಾನದ ಹೆಸರಾಂತ ಚಿತ್ರಕಾರರಲ್ಲಿ ಮಾರ್ಕ್ ಶಗಾಲರು ಒಬ್ಬರು. ಯೆಹೂದ್ಯರಾಗಿ ಹುಟ್ಟಿ ಯೆಹೂದ್ಯರಾಗಿಯೇ ಬಾಳಿದ ಇವರು ಯೂರೋಪಿನ ಹಲವು ಕಥೋಲಿಕ ದೇವಾಲಯಗಳನ್ನು ತಮ್ಮ ಕಲೆಯಿಂದ ಬೆಳಗಿಸಿದರೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿ ತೋರಬಹುದು. ಅದನ್ನು ಅರಿಯಬೇಕಾದರೆ ಅವರ ಹುಟ್ಟೂರಿನಿಂದಲೇ ತೊಡಗಬೇಕು.

1887ರ ಜುಲೈ 7ರಂದು, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿ ಇಂದು ಬೆಲಾರೂಸ್ ದೇಶದಲ್ಲಿರುವ ವಿಟೆಬ್ಸ್ಕ್ ಪ್ರಾಂತದಲ್ಲಿ ಅವರು ಜನಿಸಿದರು. ತಂದೆ ಉಪ್ಪುಮೀನಿನ ಮಳಿಗೆಯಲ್ಲಿ ಕೂಲಿ. ತಾಯಿ ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದರು. ದ್ವಿನಾ ನದಿಯ ದಡದ ಆ ಪಟ್ಟಣದಲ್ಲಿ ಮರದ ಮನೆಗಳೂ ಗುಮ್ಮಟದ ಚರ್ಚುಗಳೂ ಯೆಹೂದ್ಯರ ಪ್ರಾರ್ಥನಾಮಂದಿರಗಳೂ ಒತ್ತೊತ್ತಾಗಿ ನಿಂತಿದ್ದವು. ಹಸು, ಮೇಕೆ, ಹುಂಜ, ಮದುವೆಮನೆಯ ಪಿಟೀಲುವಾದಕ, ಇವೇ ಬಾಲಕನ ಲೋಕ. ಜೀವಿಗಳ ರೂಪ ಬಿಡಿಸುವುದನ್ನು ಮೆಚ್ಚದ ಆಚಾರವಂತ ಮನೆತನದ ಹುಡುಗ ಚಿತ್ರಕಾರನಾಗಲು ಹೊರಟುದೇ ಒಂದು ಸಾಹಸವಾಗಿತ್ತು.

1910ರಲ್ಲಿ ಪ್ಯಾರಿಸಿಗೆ ತೆರಳಿದ ಶಗಾಲರು ಅಲ್ಲಿ ಕುಳಿತು ಬಹುವಾಗಿ ಬಿಡಿಸಿದುದು ತಮ್ಮ ಊರನ್ನೇ. 1911ರ 'ನಾನು ಮತ್ತು ಹಳ್ಳಿ' ಎಂಬ ಚಿತ್ರದಲ್ಲಿ ಮನುಷ್ಯನ ಮುಖವೂ ಪ್ರಾಣಿಯ ಮುಖವೂ ಎದುರುಬದುರಾಗಿ ನೋಡುತ್ತವೆ. ಹಿಂದಿನ ಬೀದಿಯಲ್ಲಿ ಕೆಲವು ಮನೆಗಳು ತಲೆಕೆಳಗಾಗಿವೆ. ನೆನಪಿನಲ್ಲಿ ಕಾಣುವ ಊರು ಹೀಗೆಯೇ ಅಲ್ಲವೇ? 1914ರಲ್ಲಿ ಊರಿಗೆ ಬಂದವರು ಮಹಾಯುದ್ಧದಿಂದಾಗಿ ಅಲ್ಲಿಯೇ ಉಳಿದರು. 1915ರಲ್ಲಿ ಬೆಲ್ಲಾ ಎಂಬವರನ್ನು ವರಿಸಿದರು. ಕ್ರಾಂತಿಯ ನಂತರ ಊರಿನಲ್ಲಿ ಕಲಾಶಾಲೆಯನ್ನು ಸ್ಥಾಪಿಸಿದರೂ ಸಹೋದ್ಯೋಗಿಗಳೊಡನೆ ವಿರಸವುಂಟಾಗಿ 1920ರಲ್ಲಿ ಮಾಸ್ಕೋಗೆ ಹೋದರು. 1922ರಲ್ಲಿ ದೇಶವನ್ನೇ ತೊರೆದರು.

ಅವರ ಕೃತಿಗಳಲ್ಲಿ ನಾವು ಮುಖ್ಯವಾಗಿ ಧ್ಯಾನಿಸಬೇಕಾದುದು 1938ರ 'ಬಿಳಿ ಶಿಲುಬೆ ಮರಣ'. ಜರ್ಮನಿಯಲ್ಲಿ ಯೆಹೂದ್ಯರ ಬೇಟೆ ನಡೆಯುತ್ತಿದ್ದ ಕಾಲವದು. ಶಿಲುಬೆಯ ಮೇಲಿನ ಯೇಸುಸ್ವಾಮಿಯ ಸೊಂಟಕ್ಕೆ ಯೆಹೂದ್ಯರು ಪ್ರಾರ್ಥನೆಗೆ ಹೊದೆಯುವ ಪಟ್ಟೆಯ ವಸ್ತ್ರವೇ ಸುತ್ತಿದೆ. ಸುತ್ತಲೂ ಉರಿಯುವ ಪ್ರಾರ್ಥನಾಮಂದಿರ, ಬುಡಮೇಲಾದ ಹಳ್ಳಿಯ ಮನೆಗಳು, ದೋಣಿಯಲ್ಲಿ ಕಿಕ್ಕಿರಿದ ನಿರಾಶ್ರಿತರು, ಮಗುವನ್ನು ಅಪ್ಪಿ ಓಡುವ ತಾಯಿ. ಶಿಲುಬೆಯ ಹೆಸರಿನಲ್ಲಿಯೇ ಯೆಹೂದ್ಯರನ್ನು ಹಿಂಸಿಸಿದ ಕ್ರೈಸ್ತರು ಚರಿತ್ರೆಯಲ್ಲಿ ಇಲ್ಲದಿರಲಿಲ್ಲ. ನಮ್ಮ ಸ್ವಾಮಿ ಯೆಹೂದ್ಯ ತಾಯಿಯ ಮಗನೆಂಬುದನ್ನು ಕ್ರೈಸ್ತಲೋಕ ಮರೆತಿದ್ದಾಗ ಒಬ್ಬ ಯೆಹೂದ್ಯ ಕಲಾವಿದರೇ ಅದನ್ನು ನೆನಪಿಸಬೇಕಾಯಿತು. ಯೆಹೂದ್ಯರ ಮೇಲಿನ ದ್ವೇಷವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ ಖಂಡಿಸಿದ್ದು 1965ರಲ್ಲಿ. ಶಿಕಾಗೋ ನಗರದಲ್ಲಿರುವ ಈ ಚಿತ್ರವು 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರಿಗೆ ಬಲು ಪ್ರಿಯವಾಗಿತ್ತು.

1941ರಲ್ಲಿ ಶಗಾಲರು ಫ್ರಾನ್ಸಿನಿಂದ ಅಮೆರಿಕೆಗೆ ಪಾರಾದರು. ಅದೇ ವರ್ಷ ಜರ್ಮನ್ ಸೇನೆ ವಿಟೆಬ್ಸ್ಕನ್ನು ಆಕ್ರಮಿಸಿತು; ಅಲ್ಲಿ ಉಳಿದಿದ್ದ ಯೆಹೂದ್ಯರು ಕೊಲೆಯಾದರು, ಪಟ್ಟಣ ಬಹುಪಾಲು ನೆಲಸಮವಾಯಿತು. 1944ರಲ್ಲಿ ಬೆಲ್ಲಾ ತೀರಿಕೊಂಡಾಗ ಅವರು ತಿಂಗಳುಗಟ್ಟಲೆ ಕುಂಚ ಹಿಡಿಯಲಿಲ್ಲ. ಆ ಮೇಲೆ ಅವರು ಬಿಡಿಸಿದ ವಿಟೆಬ್ಸ್ಕ್ ನೆಲದ ಮೇಲೆ ಇಲ್ಲದ ಊರು.

1948ರಲ್ಲಿ ಫ್ರಾನ್ಸಿಗೆ ಮರಳಿದ ಮೇಲೆ ದೇವಾಲಯಗಳ ಕರೆ ಬಂದಿತು. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯದ ಬಣ್ಣದ ಗಾಜುಗಳನ್ನು ಕಂಡವರಿಗೆ ಆ ಕಲೆಯ ಸೊಬಗನ್ನು ಹೇಳಬೇಕಾಗಿಲ್ಲ. ಆಸ್ಸಿಯ ದೇವಮಾತೆಯ ದೇವಾಲಯದಲ್ಲಿ, ಜ್ಞಾನಸ್ನಾನದ ಸ್ಥಳದ ಗೋಡೆಯ ಮೇಲೆ, ಇಸ್ರಾಯೇಲರು ಕೆಂಪು ಸಮುದ್ರವನ್ನು ದಾಟುವ ದೃಶ್ಯವನ್ನು 1957ರಲ್ಲಿ ರಚಿಸಿದರು. ಮೆತ್ಸ್ ಮತ್ತು ರೀಮ್ಸ್ ಪ್ರಧಾನಾಲಯಗಳ ಕಿಟಕಿಗಳೂ ಅವರವೇ.

1973ರಲ್ಲಿ ಸೋವಿಯತ್ ಸರ್ಕಾರದ ಆಹ್ವಾನದ ಮೇರೆಗೆ ಮಾಸ್ಕೋ, ಲೆನಿನ್‌ಗ್ರಾಡ್‌ಗಳಿಗೆ ಹೋದರೂ ವಿಟೆಬ್ಸ್ಕಿಗೆ ಹೋಗಲಿಲ್ಲ. ಅದೇ ವರ್ಷ ಜರ್ಮನಿಯ ಮೈಂಟ್ಸ್ ನಗರದ ಸಂತ ಸ್ತೆಫಾನರ ದೇವಾಲಯದ ವಿಚಾರಣಾ ಗುರುಗಳಾದ ಕ್ಲಾಸ್ ಮಾಯರ್ ಅವರು, ಯುದ್ಧದಲ್ಲಿ ಹಾನಿಗೊಂಡಿದ್ದ ತಮ್ಮ ದೇವಾಲಯಕ್ಕೆ ಕಿಟಕಿಗಳನ್ನು ಬೇಡಿ ಪತ್ರ ಬರೆದರು. ತನ್ನ ಜನರನ್ನು ಕೊಂದ ನಾಡಿಗೆ ಕಾಣಿಕೆ ನೀಡುವುದು ಸುಲಭವೇ? ಶಗಾಲರು ಒಪ್ಪಿದರು. ತೊಂಬತ್ತು ದಾಟಿದ್ದ ಅವರ ಮೊದಲ ಕಿಟಕಿ 1978ರಲ್ಲಿ ಅಲ್ಲಿ ನಿಂತಿತು. ಒಟ್ಟು ಒಂಬತ್ತು ಕಿಟಕಿಗಳನ್ನು ರಚಿಸಿದರು. ಜರ್ಮನಿಯಲ್ಲಿ ಅವರ ಗಾಜುಗಳಿರುವ ದೇವಾಲಯ ಅದೊಂದೇ. ಹಳೆಯ ಒಡಂಬಡಿಕೆಯ ಪಿತಾಮಹರೂ ದೇವದೂತರೂ ಅಲ್ಲಿ ನೀಲಿ ಬೆಳಕಿನಲ್ಲಿ ತೇಲುತ್ತಾರೆ.

1985ರ ಮಾರ್ಚ್ 28ರಂದು ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ಎಂಬಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಸೋವಿಯತ್ ಆಡಳಿತ ಅಳಿದ ಮೇಲೆ, 1997ರಲ್ಲಿ, ವಿಟೆಬ್ಸ್ಕಿನಲ್ಲಿ ಅವರ ತಂದೆಯ ಮನೆಯನ್ನು ಸ್ಮಾರಕವಾಗಿ ಜನರಿಗೆ ತೆರೆಯಲಾಯಿತು.