ಮೊದಲ ಉಸಿರು

ವರ್ಜೀನಿಯಾ ಅಪ್ಗಾರ್ 1909ರಲ್ಲಿ ಅಮೆರಿಕದಲ್ಲಿ ಜನಿಸಿದರು. ಶಸ್ತ್ರವೈದ್ಯೆಯಾಗುವ ಹಂಬಲ ಕೈಗೂಡದಿದ್ದರೂ ಎದೆಗುಂದದೆ ಅರಿವಳಿಕೆ ಶಾಸ್ತ್ರದಲ್ಲಿ ಪರಿಣತರಾದರು. ಆಗ ಹೆರಿಗೆಯ ಕೋಣೆಯಲ್ಲಿ ಎಲ್ಲರ ಗಮನ ತಾಯಿಯ ಮೇಲಿರುತ್ತಿತ್ತು. ಅಳದೆ ಹುಟ್ಟಿದ ಕೂಸು ಎಷ್ಟೋ ಬಾರಿ ಆರೈಕೆಯಿಲ್ಲದೆ ಅಸುನೀಗುತ್ತಿತ್ತು. ಇದಕ್ಕೆ ಮರುಗಿದ ಅಪ್ಗಾರ್ 1952ರಲ್ಲಿ ಒಂದು ಸರಳ ಕ್ರಮವನ್ನು ರೂಪಿಸಿದರು. ಹುಟ್ಟಿದ ಒಂದು ನಿಮಿಷಕ್ಕೆ ಕೂಸಿನ ಹೃದಯದ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣಗಳನ್ನು ಪರೀಕ್ಷಿಸಿ, ಒಟ್ಟು 10 ಅಂಕಗಳಲ್ಲಿ ಅದರ ಸ್ಥಿತಿಯನ್ನು ಅಳೆಯುವುದೇ ಆ ಕ್ರಮ. ಅದಕ್ಕೆ ದುಬಾರಿ ಯಂತ್ರ ಬೇಡ. ಎಚ್ಚರದ ಕಣ್ಣು, ಕಿವಿ, ಕೈಗಳು ಸಾಕು.

1974ರಲ್ಲಿ ಅವರು ನಿಧನರಾದರು. ಅಳದ ಕೂಸನ್ನು, ಅಂಕಕ್ಕಾಗಿ ಕಾಯದೆ, ಒಡನೆಯೇ ಒರೆಸಿ, ಬೆಚ್ಚಗಿರಿಸಿ, ಬೆನ್ನು ಸವರಿ ಉಸಿರಾಡಿಸುವ ತರಬೇತಿ ಇಂದು ದಾದಿಯರಿಗೆ ದೊರೆಯುತ್ತಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಹುಟ್ಟುವ ಕೂಸಿಗೂ ಆ ಮೊದಲ ನಿಮಿಷವೇ ಜೀವದಾನ.