ರೇಖೆಯನ್ನೇ ನೆಚ್ಚಿದ ನಸ್ರೀನ್ ಮೊಹಮ್ಮದಿ

ಸ್ವಾತಂತ್ರ್ಯೋತ್ತರ ಭಾರತದ ಚಿತ್ರಕಲೆ ಬಹುಮಟ್ಟಿಗೆ ಮನುಷ್ಯಾಕೃತಿಯನ್ನೂ ಕಥನವನ್ನೂ ಆಶ್ರಯಿಸಿ ಬೆಳೆಯಿತು. ಆ ದಾರಿಯನ್ನು ಬಿಟ್ಟು, ಬಿಳಿಯ ಕಾಗದ, ಮಸಿ, ಸೀಸದಕಡ್ಡಿ ಮತ್ತು ಅಳತೆಪಟ್ಟಿ ಇಷ್ಟನ್ನೇ ನೆಚ್ಚಿದವರು ನಸ್ರೀನ್ ಮೊಹಮ್ಮದಿ.

1937ರಲ್ಲಿ ಕರಾಚಿಯಲ್ಲಿ ಜನಿಸಿದ ನಸ್ರೀನ್ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. 1944ರಲ್ಲಿ ಕುಟುಂಬವು ಮುಂಬಯಿಗೆ ಬಂದು ನೆಲೆಸಿತು. 1954ರಿಂದ 1957ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿಯೂ, 1961ರಿಂದ 1963ರವರೆಗೆ ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದರು. ಮುಂಬಯಿಯ ಭೂಲಾಭಾಯಿ ಸ್ಮಾರಕ ಸಂಸ್ಥೆಯಲ್ಲಿ ವಿ. ಎಸ್. ಗಾಯ್ತೊಂಡೆಯವರ ಒಡನಾಟವು ಅವರನ್ನು ಅಮೂರ್ತದತ್ತ ಇನ್ನಷ್ಟು ಸೆಳೆಯಿತು.

1972ರಲ್ಲಿ ಅವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕಿಯಾದರು. ಬೊರಿವಲಿಯನ್ನು ಹಾದು ಉತ್ತರಕ್ಕೆ ಸಾಗುವ ಪಶ್ಚಿಮ ರೈಲ್ವೆಯ ಹಳಿಗಳು ಬೆಸೆದ ಆ ಎರಡು ನಗರಗಳೇ ಅವರ ಬಾಳಿನ ಎರಡು ನೆಲೆಗಳು. ಗುಲಾಮ್ ಮೊಹಮ್ಮದ್ ಶೇಖ್, ಭೂಪೇನ್ ಖಖ್ಖರ್ ಮೊದಲಾದವರು ಬರೋಡಾದಲ್ಲಿ ಬಣ್ಣಗಳಲ್ಲಿ ಕಥೆ ಹೇಳುತ್ತಿದ್ದ ಕಾಲದಲ್ಲಿಯೇ ನಸ್ರೀನ್ ಬಣ್ಣವನ್ನೂ ಕಥೆಯನ್ನೂ ತೊರೆದರು.

ಇಸ್ಲಾಮೀ ವಾಸ್ತುವಿನ ನಕ್ಷತ್ರ, ಬಹುಭುಜಗಳನ್ನು ಅವರು ನಕಲು ಮಾಡಲಿಲ್ಲ. ಅವುಗಳ ಹಿಂದಿನ ಗಣಿತವನ್ನು ತಮ್ಮದಾಗಿಸಿಕೊಂಡರು. ಒಂದು ಘಟಕ ಮರುಕಳಿಸುತ್ತ ಹೋದಾಗ ವಿನ್ಯಾಸಕ್ಕೆ ತನ್ನದೇ ಆದ ಕೊನೆಯಿರುವುದಿಲ್ಲ. ಗೋಡೆ ಮುಗಿದಲ್ಲಿ ಅದು ನಿಲ್ಲುತ್ತದೆ, ಅಷ್ಟೆ. ಅವರ ರೇಖೆಗಳೂ ಕಾಗದದ ಅಂಚನ್ನು ದಾಟಿ ಸಾಗುವಂತೆ ತೋರುತ್ತವೆ. ಎಪ್ಪತ್ತರ ದಶಕದ ಚೌಕಜಾಲಗಳು ಎಂಬತ್ತರ ದಶಕದಲ್ಲಿ ಕರ್ಣರೇಖೆಗಳಾಗಿ, ಶೂನ್ಯದಲ್ಲಿ ತೇಲುವ ತ್ರಿಕೋನ, ಕಮಾನುಗಳಾಗಿ ಹಗುರಗೊಂಡವು. ಫತೇಪುರ ಸಿಕ್ರಿಯ ಅಂಗಳಗಳನ್ನೂ ಕಡಲತೀರಗಳನ್ನೂ ಅವರು ಛಾಯಾಚಿತ್ರಗಳಲ್ಲಿ ಹಿಡಿದಿದ್ದರು. ಆದರೆ ಅವನ್ನು ತಮ್ಮ ಬದುಕಿನಲ್ಲಿ ಪ್ರದರ್ಶಿಸಲಿಲ್ಲ.

ಕೂದಲೆಳೆಯಷ್ಟೂ ತಪ್ಪನ್ನು ಸಹಿಸದ ಈ ಕಲೆಯನ್ನು ಆರಿಸಿಕೊಂಡವರ ಕೈಯನ್ನೇ ನರರೋಗ ಆಕ್ರಮಿಸಿತು. ಅಂಗಾಂಗಗಳ ಮೇಲಿನ ಹಿಡಿತ ವರ್ಷದಿಂದ ವರ್ಷಕ್ಕೆ ಸಡಿಲವಾಯಿತು. ಆದರೂ ನಕ್ಷೆಗಾರರ ಉಪಕರಣಗಳ ನೆರವಿನಿಂದ ರೇಖೆಯ ನೇರವನ್ನು ಅವರು ಕಾಪಾಡಿಕೊಂಡರು. ನಡುಗುವ ದೇಹದಿಂದ ಹೊರಟ ಆ ಗೆರೆಗಳಲ್ಲಿ ನಡುಕದ ಸುಳಿವಿಲ್ಲ.

1990ರ ಮೇ ತಿಂಗಳಲ್ಲಿ, ಅಲಿಬಾಗ್ ಸಮೀಪದ ಕಡಲತಡಿಯ ಹಳ್ಳಿ ಕಿಹಿಮ್‌ನಲ್ಲಿ ನಸ್ರೀನ್ ನಿಧನರಾದರು. ಅವರ ಬಹುತೇಕ ಕೃತಿಗಳಿಗೆ ಶೀರ್ಷಿಕೆಯಿಲ್ಲ, ತಾರೀಕಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯವು ಬಾಗಿಲು ತೆರೆದಾಗ ಅವರ ಚಿತ್ರಗಳು ಅದರ ಆರಂಭಿಕ ಪ್ರದರ್ಶನಗಳಲ್ಲಿ ಸೇರಿದ್ದವು. ಹೆಸರಿಡದೆ ಬಿಟ್ಟ ರೇಖೆಗಳೇ ಅವರ ಹೆಸರನ್ನು ಲೋಕಕ್ಕೆ ತಲುಪಿಸಿದವು.