ಕೊಡಗು ಕಂಡ ಗುರುವರ್ಯ – ಪಂಜೆ ಮಂಗೇಶರಾಯರು

ನಮ್ಮ ದೇವಾಲಯದ ನೂರು ವರುಷಗಳ ಬಾಳನ್ನು ನೆನೆದು ಕೃತಜ್ಞತೆ ಸಲ್ಲಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸುಮಾರು ನೂರು ವರುಷಗಳ ಹಿಂದೆ ಈ ನಾಡಿನ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದ ಹಿರಿಯರನ್ನು ಸ್ಮರಿಸುವುದೂ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಅವರೆಲ್ಲರೂ ನಮ್ಮ ಮತದವರಲ್ಲ. ಎಲ್ಲರೂ ಕೊಡಗಿನಲ್ಲಿ ಹುಟ್ಟಿದವರೂ ಅಲ್ಲ. ಆದರೂ ಅವರು ಹಚ್ಚಿದ ದೀಪದ ಬೆಳಕು ಜಾತಿಮತಗಳ ಭೇದವಿಲ್ಲದೆ ಎಲ್ಲರ ಮನೆಯಂಗಳಕ್ಕೂ ಬಿತ್ತು. ಅಂಥವರಲ್ಲಿ ಅಗ್ರಗಣ್ಯರು ಪಂಜೆ ಮಂಗೇಶರಾಯರು. ಕನ್ನಡ ಪಂಡಿತರಾಗಿ ವೃತ್ತಿಜೀವನವನ್ನು ಆರಂಭಿಸಿ, ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗಿ, ಕಡೆಗೆ ನಮ್ಮ ಮಡಿಕೇರಿಯ ಸರಕಾರಿ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದ ಈ ಮಹನೀಯರ ಜೀವನವು ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಇಂದಿಗೂ ಮಾರ್ಗದರ್ಶಕವಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಂಗೇಶರಾಯರು ಜನಿಸಿದ್ದು 1874ನೆಯ ಇಸವಿ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ಅವರ ಮನೆತನದ ಮೂಲಸ್ಥಳ ಸುಳ್ಯ ಸೀಮೆಯ ಪಂಜ ಎಂಬ ಗ್ರಾಮ. ಆದುದರಿಂದಲೇ ಪಂಜೆ ಎಂಬ ಕುಲನಾಮ ಬಂತು. ಘಟ್ಟದ ಮೇಲಣ ಕೊಡಗಿಗೂ ಘಟ್ಟದ ಕೆಳಗಣ ಆ ಸೀಮೆಗೂ ಹಿಂದಿನಿಂದಲೂ ಹೋಗಿಬರುವ ಬಳಕೆ ಇದ್ದೇ ಇತ್ತು. ಮುಂದೆ ಈ ಮನೆತನದ ಮಗನೊಬ್ಬನು ಘಟ್ಟವನ್ನೇರಿ ಬಂದು ಕೊಡಗಿನ ಹಿರಿಮೆಯನ್ನು ಹಾಡಲಿದ್ದನು.

ಆ ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನ ಹೆಗಲಿಗೆ ಸಂಸಾರದ ಹೊರೆ ಬಿತ್ತು. ಬಂಟವಾಳದಲ್ಲಿ ಮೊದಲ ಪಾಠಗಳನ್ನು ಕಲಿತು, ಹೆಚ್ಚಿನ ಓದಿಗಾಗಿ ಮಂಗಳೂರಿಗೆ ಬಂದ ಅವರು ಇತರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಓದಿನ ಖರ್ಚನ್ನು ತೂಗಿಸಿಕೊಂಡರು. ಹೀಗೆ ವಿದ್ಯಾರ್ಥಿಯಾಗಿದ್ದಾಗಲೇ ಅವರು ಉಪಾಧ್ಯಾಯರೂ ಆದರು. ಕಲಿಯುವವನ ಕಷ್ಟವನ್ನೂ ಕಲಿಸುವವನ ಹೊಣೆಯನ್ನೂ ಏಕಕಾಲದಲ್ಲಿ ಅರಿತುಕೊಳ್ಳುವ ಅವಕಾಶ ಎಲ್ಲರಿಗೂ ಸಿಗುವಂಥದಲ್ಲ. ಬಡತನವು ಅವರಿಗೆ ಆ ಅವಕಾಶವನ್ನು ಒದಗಿಸಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ರಾಯರ ಮನೆಮಾತು ಕೊಂಕಣಿ. ನೆರೆಕರೆಯವರ ಮಾತು ತುಳು. ಕನ್ನಡವು ಅವರಿಗೆ ಪ್ರಧಾನವಾಗಿ ಶಾಲೆಯಿಂದಲೂ ಪುಸ್ತಕಗಳಿಂದಲೂ ಯಕ್ಷಗಾನ ಪ್ರಸಂಗಗಳಂಥ ಪದ್ಯಗಳಿಂದಲೂ ದೊರೆತ ಭಾಷೆ. ಮನೆಯಲ್ಲಿ ಕೊಂಕಣಿಯನ್ನೋ ಮಲೆಯಾಳವನ್ನೋ ತಮಿಳನ್ನೋ ಆಡಿ, ಶಾಲೆಗೆ ಹೋಗಿ ಕನ್ನಡ ಕಲಿತ ನಮ್ಮಂಥವರಿಗೆ ಈ ಅನುಭವ ಹೊಸದೇನಲ್ಲ. ಮನೆಯ ಮಾತನ್ನು ತೊರೆಯದೆಯೂ ನಾಡಿನ ಭಾಷೆಯಲ್ಲಿ ಪಾಂಡಿತ್ಯವನ್ನು ಗಳಿಸಬಹುದು, ಅದರಲ್ಲಿ ಹೊಸ ಸಾಹಿತ್ಯವನ್ನೇ ಹುಟ್ಟಿಸಬಹುದು ಎಂಬುದಕ್ಕೆ ಪಂಜೆಯವರಿಗಿಂತ ಮಿಗಿಲಾದ ನಿದರ್ಶನ ಬೇಕೇ?

ಕನ್ನಡ ಪಂಡಿತರು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ಅದೇ ಕಾಲದಲ್ಲಿ, 1894ರಲ್ಲಿ, ಕಿಟ್ಟೆಲ್ ಪಾದ್ರಿಗಳ ಮಹಾನಿಘಂಟು ಮಂಗಳೂರಿನಲ್ಲಿಯೇ ಅಚ್ಚಾಗಿ ಹೊರಬಂದಿತ್ತು. ಕನ್ನಡ ನುಡಿಗೆ ಹೊಸ ಗೌರವ ಬರುತ್ತಿದ್ದ ಕಾಲವೇನೋ ಹೌದು. ಆದರೆ ತರಗತಿಯೊಳಗೆ ದೇಶಭಾಷಾ ಪಂಡಿತರಿಗೆ ದೊರೆಯುತ್ತಿದ್ದ ಮಾನ್ಯತೆ ಅಷ್ಟಕ್ಕಷ್ಟೇ. ಇಂಗ್ಲಿಷಿನಲ್ಲಿ ಪಾಠ ಹೇಳುವವರಿಗೆ ಇದ್ದ ಸಂಬಳ, ಸ್ಥಾನಮಾನಗಳು ಪಂಡಿತರಿಗೆ ಇರಲಿಲ್ಲ. ಹಳಗನ್ನಡ ಪದ್ಯವನ್ನು ಓದಿಸುವುದು, ಅನ್ವಯಿಸುವುದು, ಅರ್ಥ ಹೇಳುವುದು, ಬಾಯಿಪಾಠ ಮಾಡಿಸುವುದು, ಇಷ್ಟಕ್ಕೇ ಪಾಠ ಮುಗಿಯುತ್ತಿತ್ತು.

ಪಂಜೆಯವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಕೆಲಸದಲ್ಲಿದ್ದುಕೊಂಡೇ ಓದನ್ನು ಮುಂದುವರಿಸಿ ಬಿ.ಎ. ಪದವಿಯನ್ನೂ ಬಳಿಕ ಅಧ್ಯಾಪಕ ತರಬೇತಿಯನ್ನೂ ಪಡೆದರು. ಅವರಲ್ಲಿ ಕನ್ನಡ ಕಲಿತ ಶಿಷ್ಯರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಮುಂದೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದಿಗೆ ಪಾತ್ರರಾದ ಪೈಗಳೇ, ಯೇಸುಸ್ವಾಮಿಯ ಕಡೆಯ ದಿನವನ್ನು ವಸ್ತುವಾಗಿರಿಸಿಕೊಂಡು ಗೊಲ್ಗೊಥಾ ಎಂಬ ಖಂಡಕಾವ್ಯವನ್ನು ರಚಿಸಿದರೆಂಬುದನ್ನು ಕ್ರೈಸ್ತರಾದ ನಾವು ಹೇಗೆ ಮರೆಯಲಾದೀತು? ಗುರುವು ಬಿತ್ತಿದ ಬೀಜ ಯಾವ ಹೊಲದಲ್ಲಿ ಯಾವ ಫಲವನ್ನು ಕೊಟ್ಟೀತೆಂದು ಮೊದಲೇ ಹೇಳಲಾಗದು.

ಇದೇ ವರುಷಗಳಲ್ಲಿ ಅವರ ಲೇಖನಿಯೂ ಚುರುಕಾಯಿತು. 1900ರಲ್ಲಿ ಮಂಗಳೂರಿನಿಂದ ಹೊರಟ ಸುವಾಸಿನಿ ಎಂಬ ಮಾಸಪತ್ರಿಕೆಯಲ್ಲಿ ಅವರು ಬರೆದ ಚಿಕ್ಕ ಕತೆಗಳನ್ನು ಹೊಸಗನ್ನಡದ ಮೊದಲ ಸಣ್ಣಕತೆಗಳೆಂದು ವಿಮರ್ಶಕರು ಗುರುತಿಸಿದ್ದಾರೆ. ಮಾಸ್ತಿಯವರ ಮೊದಲ ಕಥಾಸಂಗ್ರಹ ಪ್ರಕಟವಾದದ್ದು 1920ರಲ್ಲಿ ಎಂಬುದನ್ನು ನೆನೆದರೆ, ಪಂಜೆಯವರು ಎಷ್ಟು ಮುಂಚಿತವಾಗಿ ಈ ದಾರಿಯಲ್ಲಿ ನಡೆದಿದ್ದರೆಂಬುದು ತಿಳಿಯುತ್ತದೆ. ಆದರೆ ತಮ್ಮ ಹೆಸರನ್ನು ಮೆರೆಯಿಸುವ ಹಂಬಲ ಅವರಿಗಿರಲಿಲ್ಲ. ಕವಿಶಿಷ್ಯ, ಹರಟೆಮಲ್ಲ ಎಂಬ ಗುಪ್ತನಾಮಗಳ ಮರೆಯಲ್ಲಿ ಬರೆದರು. ಕವಿ ಎನ್ನದೆ ಕವಿಗಳ ಶಿಷ್ಯನೆಂದು ತಮ್ಮನ್ನು ಕರೆದುಕೊಂಡ ಆ ಒಂದು ಹೆಸರಿನಲ್ಲಿಯೇ ಅವರ ಸ್ವಭಾವವೆಲ್ಲ ಅಡಗಿದೆ. ಈ ವಿನಯದ ಫಲವಾಗಿ ಅವರಿಗೆ ಸಲ್ಲಬೇಕಾದ ಕೀರ್ತಿ ಸಕಾಲದಲ್ಲಿ ಸಲ್ಲಲಿಲ್ಲವೆಂಬುದೂ ನಿಜವೇ.

ಶಾಲಾ ತನಿಖಾಧಿಕಾರಿ

ಬಳಿಕ ಅವರಿಗೆ ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖೆಯ ಕೆಲಸ ದೊರೆಯಿತು. ಆಗ ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಹಳ್ಳಿಯ ಶಾಲೆಗಳ ಪಾಲಿಗೆ ತನಿಖಾಧಿಕಾರಿಯ ಬರವು ಸಾಮಾನ್ಯ ಸಂಗತಿಯಾಗಿರಲಿಲ್ಲ. ಆತನು ಬರೆಯುವ ವರದಿಯ ಮೇಲೆ ಶಾಲೆಗೆ ಬರುವ ಸಹಾಯಧನವೂ ಬಡ ಮೇಷ್ಟ್ರ ಅನ್ನವೂ ನಿಂತಿರುತ್ತಿದ್ದುವು. ಅಧಿಕಾರಿಯನ್ನು ಕಂಡರೆ ಮಕ್ಕಳಿಗಿಂತ ಮೊದಲು ಉಪಾಧ್ಯಾಯರೇ ನಡುಗುತ್ತಿದ್ದ ಕಾಲವದು.

ಇಂಥ ಹುದ್ದೆಯು ಮನುಷ್ಯನನ್ನು ಬದಲಾಯಿಸಿಬಿಡುವುದುಂಟು. ನಿನ್ನೆಯವರೆಗೆ ಸೀಮೆಸುಣ್ಣ ಹಿಡಿದಿದ್ದವನು ಇಂದು ಕುರ್ಚಿಯೇರಿದೊಡನೆ ತರಗತಿಯನ್ನು ಮರೆತುಬಿಡುತ್ತಾನೆ. ಪಂಜೆಯವರು ಮರೆಯಲಿಲ್ಲ. ಆ ಹುದ್ದೆಯ ಡೌಲನ್ನು ತಾವೇ ನಕ್ಕು ನಗಿಸಿದರು. ಹಳೆಯ ಸಬ್‌ಅಸಿಸ್ಟೆಂಟನ ಸುಳ್ಳು ಡೈರಿ ಎಂಬ ಅವರ ಹಾಸ್ಯ ಬರಹವು ತಮ್ಮದೇ ಇಲಾಖೆಯ ಅಧಿಕಾರಿಯೊಬ್ಬನ ದಿನಚರಿಯ ರೂಪದಲ್ಲಿದೆ. ತಾನು ಕುಳಿತ ಕುರ್ಚಿಯನ್ನು ತಾನೇ ಪರಿಹಾಸ್ಯ ಮಾಡಬಲ್ಲವನಿಗೆ ಆ ಕುರ್ಚಿಯ ಅಹಂಕಾರ ತಟ್ಟದು.

ತನಿಖೆಗೆಂದು ಊರೂರು ಸುತ್ತಿದ ಅವರ ಕಣ್ಣಿಗೆ ಒಂದು ಕೊರತೆ ಎದ್ದು ಕಂಡಿತು. ಮಕ್ಕಳ ಕೈಯಲ್ಲಿದ್ದ ಪುಸ್ತಕಗಳಲ್ಲಿ ನೀತಿಯಿತ್ತು, ವ್ಯಾಕರಣವಿತ್ತು. ಮಕ್ಕಳು ಮಾತ್ರ ಇರಲಿಲ್ಲ. ಅವರ ನಗೆ, ಆಟ, ಕುತೂಹಲಗಳಿಗೆ ಅಲ್ಲಿ ಎಡೆಯಿರಲಿಲ್ಲ. ವರದಿಯಲ್ಲಿ ಈ ಕೊರತೆಯನ್ನು ಬರೆದಿಟ್ಟು ಸುಮ್ಮನಾಗಬಹುದಿತ್ತು. ಪಂಜೆಯವರು ತಾವೇ ಕುಳಿತು ಮಕ್ಕಳಿಗಾಗಿ ಬರೆದರು. ಇತರ ಲೇಖಕ ಮಿತ್ರರೊಡಗೂಡಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು.

ಅವರ ನಾಗರಹಾವಿನ ಪದ್ಯವನ್ನೂ ಸೂರ್ಯೋದಯವನ್ನು ಬಣ್ಣಿಸುವ ಉದಯರಾಗವನ್ನೂ ಬಾಯಿಪಾಠ ಮಾಡದ ಕನ್ನಡ ಶಾಲೆಯ ಮಕ್ಕಳು ವಿರಳ. ತೆಂಕಣ ಗಾಳಿಯಾಟದಲ್ಲಿ ಗಾಳಿಯ ರಭಸವು ಅಕ್ಷರಗಳ ಸದ್ದಿನಲ್ಲಿಯೇ ಕೇಳಿಬರುತ್ತದೆ. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕತೆಯಲ್ಲಿ ಒಂದು ಪ್ರಶ್ನೆಗೆ ಇನ್ನೊಂದು ಕೊಂಡಿಯಾಗಿ ಸರಪಳಿ ಬೆಳೆಯುತ್ತದೆ. ಅದೇ ಮಾತು ಮತ್ತೆ ಮತ್ತೆ ಬರುವುದರಿಂದ ಕನ್ನಡವನ್ನು ಹೊಸದಾಗಿ ಕಲಿಯುವ ಮಗುವೂ ಮೂರನೆಯ ಸಲಕ್ಕೆ ತಾನಾಗಿಯೇ ದನಿಗೂಡಿಸುತ್ತದೆ. ಪರಭಾಷೆಯಂತಿರುವ ನುಡಿಯನ್ನು ಎಳೆಯ ನಾಲಗೆಗೆ ಹತ್ತಿಸುವ ಬಗೆ ಇದು. ಮನೆಯಲ್ಲಿ ಬೇರೆ ಭಾಷೆಯನ್ನಾಡಿ ಬೆಳೆದವರಾದುದರಿಂದಲೇ ಅವರಿಗೆ ಈ ಗುಟ್ಟು ತಿಳಿದಿತ್ತೆಂದು ನಮಗೆ ತೋರುತ್ತದೆ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡಕ್ಕೆ ತಂದವರೂ ಅವರೇ. ಜನರ ಬಾಯಲ್ಲಿದ್ದುದನ್ನು ಅವರು ಕೀಳೆಂದು ತಿಳಿಯಲಿಲ್ಲ.

ಮಡಿಕೇರಿಯ ಮುಖ್ಯೋಪಾಧ್ಯಾಯರು

1920ರ ದಶಕದಲ್ಲಿ ಪಂಜೆಯವರು ಮಡಿಕೇರಿಯ ಸರಕಾರಿ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಂದರು. ಈ ಶಾಲೆಗೆ ದೊಡ್ಡ ಪರಂಪರೆಯಿತ್ತು. ಬಾಸೆಲ್ ಮಿಷನಿನ ರಿಕ್ಟರ್ ಪಾದ್ರಿಗಳು ಹಿಂದೆ ಇದರ ಪ್ರಿನ್ಸಿಪಾಲರಾಗಿದ್ದಾಗಲೇ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರೂ ಪಂಜೆಯವರು ಬರುವುದಕ್ಕೆ ಮುಂಚೆ ಇಲ್ಲಿ ಓದಿ ಹೋಗಿದ್ದರು. ಆಗಿನ ಕೊಡಗು ಮುಖ್ಯ ಕಮಿಷನರರ ಆಡಳಿತಕ್ಕೆ ಒಳಪಟ್ಟ ಪುಟ್ಟ ಪ್ರಾಂತ. ಹೈಸ್ಕೂಲು ಓದಬೇಕೆಂಬ ಎಷ್ಟೋ ಹಳ್ಳಿಯ ಹುಡುಗರು ಮಳೆಗಾಲದ ಹೊಳೆತೊರೆಗಳನ್ನು ದಾಟಿ, ಮನೆಯನ್ನು ಬಿಟ್ಟು ಪಟ್ಟಣದಲ್ಲಿ ನೆಲೆಸಬೇಕಿತ್ತು.

ಆ ಹುಡುಗರ ಮನೆಮಾತುಗಳೋ ಹಲವು: ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ತಮಿಳು, ಕೊಂಕಣಿ. ಕಚೇರಿ ಮತ್ತು ಶಾಲೆಯ ಭಾಷೆ ಕನ್ನಡ. ಮೇಲಿನ ತರಗತಿಗಳಲ್ಲಿ ಇಂಗ್ಲಿಷು. ಇಂಥ ಶಾಲೆಯ ಮುಖ್ಯಸ್ಥನಾದವನು ಒಂದು ಭಾಷೆಯನ್ನು ಮೇಲೆತ್ತುವ ಭರದಲ್ಲಿ ಮಿಕ್ಕವನ್ನು ತುಳಿಯುವ ಅಪಾಯವಿತ್ತು. ಪಂಜೆಯವರ ನಡೆ ಬೇರೆಯಾಗಿತ್ತು. ಕೊಡಗಿಗೆ ಕನ್ನಡ ಕಲಿಸಲು ಬಂದವರು ಮೊದಲು ಕೊಡಗನ್ನು ತಾವು ಕಲಿತರು. ಇಲ್ಲಿನ ಬೆಟ್ಟಗುಡ್ಡಗಳನ್ನೂ ಕಾವೇರಿಯನ್ನೂ ಜನರ ಶೌರ್ಯವನ್ನೂ ಹಬ್ಬಹುಣ್ಣಿಮೆಗಳನ್ನೂ ಅಕ್ಕರೆಯಿಂದ ಕಂಡರು. ಅದೇ ದಶಕದಲ್ಲಿ, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ಗಾದೆಗಳನ್ನೂ ಕೂಡಿಸಿ ಪಟ್ಟೋಲೆ ಪಳಮೆಯನ್ನು ಹೊರತಂದರು. ನಾಡು ತನ್ನ ನಿಧಿಯನ್ನು ತಾನೇ ಎಣಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಹೊರಗಿನಿಂದ ಬಂದ ಗುರುವೊಬ್ಬರು ಅದೇ ನಿಧಿಯನ್ನು ಕನ್ನಡನಾಡಿಗೆಲ್ಲ ತೋರಿಸಿದರು.

ಹಾಗೆ ತೋರಿಸಿದ ಕೃತಿಯೇ ಹುತ್ತರಿ ಹಾಡು. ಹುತ್ತರಿ ಎಂದರೇನೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹುಣ್ಣಿಮೆಯ ಇರುಳು ಮುಹೂರ್ತಕ್ಕೆ ಸರಿಯಾಗಿ ಕೋವಿಯ ಸದ್ದು ಮೊಳಗಿ, ಗದ್ದೆಯ ಮೊದಲ ಕದಿರು ಮನೆಗೆ ಬರುವ ಸಂಭ್ರಮ ಅದು. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ದು ಹಂಚಿ ಉಣ್ಣುವ ಪದ್ಧತಿಯನ್ನು ಬಲ್ಲ ನಮಗೂ ಆ ಸಂಭ್ರಮದ ಒಳಗಿನ ಕೃತಜ್ಞತಾಭಾವ ಅಪರಿಚಿತವಲ್ಲ. ಪಂಜೆಯವರು ಈ ಹಬ್ಬವನ್ನು ನಿಮಿತ್ತವಾಗಿಟ್ಟುಕೊಂಡು ಇಡೀ ಕೊಡಗಿನ ಸೌಂದರ್ಯವನ್ನೂ ಪರಾಕ್ರಮವನ್ನೂ ಗಂಭೀರವಾದ ಲಯದಲ್ಲಿ ಹಾಡಿದರು. ಕೊಡಗನ್ನು ಕಣ್ಣಾರೆ ಕಾಣದ ಕನ್ನಡಿಗರೂ ಆ ಪದ್ಯವನ್ನು ಓದಿ ಈ ನಾಡನ್ನು ಮನಸ್ಸಿನಲ್ಲಿ ಕಂಡರು. ಕೊಡಗಿನವರಾದರೋ ಅದನ್ನು ತಮ್ಮ ನಾಡಗೀತೆಯೆಂಬಂತೆ ಹಾಡುತ್ತ ಬಂದಿದ್ದಾರೆ. ಮುಖ್ಯೋಪಾಧ್ಯಾಯರೊಬ್ಬರು ತಾವು ಸೇವೆ ಸಲ್ಲಿಸಿದ ಊರಿಗೆ ಇದಕ್ಕಿಂತ ದೊಡ್ಡ ಕಾಣಿಕೆಯನ್ನು ಕೊಡಬಲ್ಲರೇ?

ಗಮನಿಸಬೇಕಾದುದೇನೆಂದರೆ, ಹಾಜರಿ, ಹಣಕಾಸು, ಪರೀಕ್ಷೆ, ಇಲಾಖೆಯ ಪತ್ರವ್ಯವಹಾರ ಇವೇ ಮುಖ್ಯೋಪಾಧ್ಯಾಯರ ದಿನವನ್ನೆಲ್ಲ ನುಂಗಿಬಿಡಬಲ್ಲುವು. ಹುದ್ದೆ ಏರಿದಂತೆ ಭಾಷೋಪಾಧ್ಯಾಯನು ಸಾಯುತ್ತಾನೆ, ಅಧಿಕಾರಿ ಹುಟ್ಟುತ್ತಾನೆ ಎಂಬುದು ಲೋಕದ ರೂಢಿ. ಪಂಜೆಯವರಲ್ಲಿ ಹಾಗಾಗಲಿಲ್ಲ. ಪಂಡಿತರಾಗಿದ್ದಾಗ ಒಂದು ತರಗತಿಗೆ ಕಲಿಸಿದರು. ತನಿಖಾಧಿಕಾರಿಯಾದಾಗ ಒಂದು ಜಿಲ್ಲೆಯ ಮಕ್ಕಳ ಕೊರತೆಯನ್ನು ಅರಿತರು. ಮುಖ್ಯೋಪಾಧ್ಯಾಯರಾದಾಗ ಒಂದು ನಾಡಿಗೇ ಹಾಡನ್ನು ಕೊಟ್ಟರು. ತರಗತಿ ದೊಡ್ಡದಾಗುತ್ತ ಹೋಯಿತೇ ಹೊರತು ಅವರು ತರಗತಿಯನ್ನು ಬಿಟ್ಟುಹೋಗಲಿಲ್ಲ.

ಗೌರವ ಮತ್ತು ಅಂತ್ಯಕಾಲ

ಕನ್ನಡನಾಡು ಅವರನ್ನು ತಡವಾಗಿಯಾದರೂ ಗೌರವಿಸಿತು. 1934ರಲ್ಲಿ ರಾಯಚೂರಿನಲ್ಲಿ ಸೇರಿದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಮದರಾಸು ಆಧಿಪತ್ಯದಲ್ಲಿ ಹುಟ್ಟಿ, ಕೊಡಗು ಪ್ರಾಂತದಲ್ಲಿ ದುಡಿದು, ನಿಜಾಮರ ಸೀಮೆಯಲ್ಲಿ ಕನ್ನಡದ ಹಿರಿಯ ಪೀಠವನ್ನೇರಿದ ಪಂಜೆಯವರು ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು ತಮ್ಮ ಬಾಳಿನಲ್ಲಿಯೇ ಒಂದುಗೂಡಿಸಿದಂತಾಯಿತು. ಆ ನಾಡುಗಳು ಒಂದೇ ರಾಜ್ಯವಾದದ್ದು 1956ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1937ರ ಅಕ್ಟೋಬರ್ ತಿಂಗಳಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಅವರು ಇಹಲೋಕ ಯಾತ್ರೆಯನ್ನು ಮುಗಿಸಿದರು.

ಪಂಜೆಯವರು ಬರೆದದ್ದು ರಾಶಿಯಲ್ಲ. ಮಹಾಕಾವ್ಯವನ್ನು ಅವರು ಬರೆಯಲಿಲ್ಲ. ಅವರ ಸಮಯದ ಬಹುಪಾಲು ಪಾಠಕ್ಕೂ ಪ್ರವಾಸಕ್ಕೂ ಶಾಲೆಯ ಆಡಳಿತಕ್ಕೂ ಸಂದುಹೋಯಿತು. ಇಷ್ಟು ಪ್ರತಿಭೆಯುಳ್ಳವರು ಇನ್ನಷ್ಟು ಬರೆಯಬಾರದಿತ್ತೇ ಎಂದು ಸಾಹಿತ್ಯಪ್ರಿಯರು ಮರುಗುವುದು ಸಹಜ. ಆದರೆ ಶಾಲೆಯಿಲ್ಲದಿದ್ದರೆ ಆ ಬರಹಗಳೂ ಹುಟ್ಟುತ್ತಿರಲಿಲ್ಲ. ಮಗುವಿನ ಮುಂದೆ ನಿಂತು ಪಡೆದ ಅನುಭವವೇ ಅವುಗಳ ಜೀವಾಳ.

ಇಂದು ನಮ್ಮ ಮನೆಗಳಲ್ಲಿ ಮಕ್ಕಳ ಭಾಷೆಯ ಪ್ರಶ್ನೆ ಹೊಸ ರೂಪ ತಾಳಿದೆ. ಇಂಗ್ಲಿಷು ಬೇಕು, ಅದು ಅನ್ನದ ಭಾಷೆ ಎಂದು ಹೇಳುವ ತಂದೆತಾಯಿಗಳ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಪಂಜೆಯವರೂ ಇಂಗ್ಲಿಷನ್ನು ಚೆನ್ನಾಗಿ ಕಲಿತವರೇ. ಆದರೆ ಒಂದನ್ನು ಕಲಿಯುವುದಕ್ಕಾಗಿ ಇನ್ನೊಂದನ್ನು ಬಿಡಬೇಕೆಂದು ಅವರ ಬಾಳು ಹೇಳುವುದಿಲ್ಲ. ಮನೆಯ ಕೊಂಕಣಿ, ನೆರೆಯ ತುಳು, ಶಾಲೆಯ ಕನ್ನಡ, ಓದಿನ ಇಂಗ್ಲಿಷು ಇವೆಲ್ಲಕ್ಕೂ ಅವರ ಎದೆಯಲ್ಲಿ ಸ್ಥಳವಿತ್ತು. ನಮ್ಮ ಮಕ್ಕಳ ಎದೆ ಅದಕ್ಕಿಂತ ಕಿರಿದಾಗಬೇಕಾದ ಕಾರಣವಿಲ್ಲ. ನಮ್ಮ ಉಪಾಧ್ಯಾಯ ಉಪಾಧ್ಯಾಯಿನಿಯರು, ಅದರಲ್ಲಿಯೂ ಶಾಲೆಗಳ ಮುಖ್ಯಸ್ಥರ ಹೊಣೆ ಹೊತ್ತವರು, ಮೇಜಿನ ಮೇಲಣ ಕಾಗದಗಳ ನಡುವೆಯೂ ಒಂದು ಕತೆಯನ್ನು ಹೇಳಲು, ಒಂದು ಪದ್ಯವನ್ನು ಹಾಡಿಸಲು ಬಿಡುವು ಮಾಡಿಕೊಂಡರೆ, ಆ ಹಿರಿಯ ಗುರುವಿಗೆ ಸಲ್ಲುವ ಉಚಿತವಾದ ಗೌರವ ಅದೇ ಆದೀತು.